ನಾನೂರ ಎರಡರ ಸರದಿ

ಕಾವಾಬೆ ಹೈಟ್ಸ್ ಎಂಬ ವಸತಿ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಯಾಸುಯೊ ಅಲ್ಲಿ ಮಾರಾಟಕ್ಕಿದ್ದ ಮನೆಯನ್ನು ಎರಡನೆಯ ಸಲ ನೋಡಲು ನಾಲ್ಕನೆಯ ಮಹಡಿ ಹತ್ತುವಾಗ ಹಿಂದೆ ಅವಳ ತಮ್ಮ ತೋಕುಜಿ ಏದುಸಿರು ಬಿಡುತ್ತ ಬರುತ್ತಿದ್ದ. ಅಕ್ಕನಿಗೆ ಬುದ್ಧಿ ಹೇಳಿ ಊರಿಗೆ ಕರೆದೊಯ್ಯಲೆಂದೇ ಅವನು ಸಸಿಮಡಿಯ ಕೆಲಸ ಹೆಂಡತಿಗೊಪ್ಪಿಸಿ ಮೊರಿಯೊಕಾ ನಗರಕ್ಕೆ ಬಂದಿದ್ದ.

"ಇದು ಮನೆಯಲ್ಲ ಅಕ್ಕ, ಗೋರಿ," ಅಂದ, ಮೂರನೆಯ ಮಹಡಿಯ ಕಂಬಿಗೆ ಒರಗಿಕೊಂಡು.

"ಗೋರಿಗೆ ಇಳೀತಾರೆ ಕಣೋ. ನಾನು ಹತ್ತುತಾ ಇದೀನಿ."

ಯಾಸುಯೊಗೆ ಅರವತ್ನಾಲ್ಕು. ಮದುವೆಯಾಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದಳು, ತಮ್ಮನ ಮನೆಯಲ್ಲಿದ್ದು ತಾಯಿಯನ್ನು ಕೊನೆಯತನಕ ನೋಡಿಕೊಂಡಳು. ತಾಯಿಯ ವರ್ಷದ ಪೂಜೆ ಮುಗಿದ ಮೇಲೆ ತನ್ನದೇ ಒಂದು ಬಾಗಿಲು ಬೇಕೆನ್ನಿಸಿತು. ಬಾಡಿಗೆಗೆ ಹುಡುಕಿದಳು. ಐದು ಮಂದಿ ಮಾಲೀಕರೂ ಅವಳ ವಯಸ್ಸು ಕೇಳಿ, ಒಬ್ಬಳೇ ಇರುವವಳೆಂದು ತಿಳಿದು, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ನಯವಾಗಿ ತಲೆಬಾಗಿ ಬರಿಗೈಲಿ ಕಳಿಸಿದರು. ಕೊಡದವರ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಕೊಂಡುಬಿಡುವುದೇ ಲೇಸೆಂದು ಅವಳು ಅಂದೇ ತೀರ್ಮಾನಿಸಿದ್ದಳು.

ಮನೆಯ ಸಂಖ್ಯೆ ನಾನೂರ ಎರಡು. ಎರಡೇ ಕೋಣೆ. ಅಡುಗೆಮನೆಯ ಕಿಟಕಿಯಲ್ಲಿ ಇವಾತೆ ಬೆಟ್ಟ, ಊರಿಂದ ಕಾಣುವ ಮಗ್ಗುಲಲ್ಲ, ಇನ್ನೊಂದು. ತೋಕುಜಿ ಗೋಡೆ ತಟ್ಟಿ, ನಲವತ್ತೈದು ವರ್ಷದ ಕಟ್ಟಡ, ಭೂಕಂಪದ ನಿಯಮ ಬಿಗಿಯಾಗುವ ಮೊದಲಿನದು, ಭೂಮಿ ಅಲ್ಲಾಡಿದರೆ ಉಳಿಯುವುದಿಲ್ಲ ಎಂದು ಒಂದೊಂದಾಗಿ ಹೇಳಿದ. ಮಾರಾಟದ ಏಜೆಂಟ್ ಸೆಗಾವಾ ಗೋಡೆಗೆ ಅಂಟಿಸಿದ ಹೊಸ ಬಣ್ಣದ ಕಾಗದವನ್ನು ತೋರಿಸಿ ಹೊಗಳಿದ. ಯಾಸುಯೊ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಗದ್ದೆ ಕೊಳ್ಳುವವನು ಪೈರು ನೋಡಬಾರದು, ಕಾಲುವೆ ನೋಡಬೇಕು, ಅದು ನೀರಿನ ಸರದಿಗೆ ಕಿತ್ತಾಡುವ ಊರೋ ಅಲ್ಲವೋ ವಿಚಾರಿಸಬೇಕು ಎನ್ನುತ್ತಿದ್ದ ಅವಳಪ್ಪ. ಅದಕ್ಕೇ ಮೊದಲ ಭೇಟಿಯಲ್ಲಿ ಅವಳು ಇಲ್ಲಿನ ಮನೆಯೊಡೆಯರ ಸಂಘದ ಹತ್ತು ವರ್ಷದ ಸಭೆಯ ದಾಖಲೆ ಕೇಳಿದ್ದಳು. ಇದುವರೆಗೆ ಯಾರೂ ಕೇಳಿಲ್ಲ ಎನ್ನುತ್ತ ಸೆಗಾವಾ ಇವತ್ತು ಕಟ್ಟು ತಂದಿದ್ದ.

ಅವಳು ಚಾಪೆಯ ಮೇಲೆ ಕೂತು, ಕನ್ನಡಕ ಹಾಕಿ, ಹಾಳೆ ಹಾಳೆಯಾಗಿ ಓದಿದಳು. ನೀರಿನ ಕೊಳವೆ ಬದಲಿಸಬೇಕೆಂದು ಮುನ್ನೂರ ಒಂದರ ಹೆಂಗಸೊಬ್ಬಳು ಆರು ವರ್ಷ ಕೈಯೆತ್ತಿದ್ದಳು, ಆರು ವರ್ಷವೂ ಸೋತಿದ್ದಳು. ಏಳನೆಯ ವರ್ಷ ಗೆದ್ದಿದ್ದಳು. ಅದರ ಮರುವರ್ಷ ಭೂಕಂಪದ ತಪಾಸಣೆ, ಆಮೇಲೆ ಕಂಬಗಳಿಗೆ ಉಕ್ಕಿನ ಕವಚ. ಜಗಳವಿತ್ತು, ಆದರೆ ಕೆಲಸವೂ ಆಗಿತ್ತು. ಕಾಲುವೆ ಚೆನ್ನಾಗಿದೆ ಅಂದುಕೊಂಡಳು.

ಕೊನೆಯ ಹಾಳೆಯಲ್ಲಿ ಬೆರಳು ನಿಂತಿತು. ಸಂಘದ ಅಧ್ಯಕ್ಷತೆ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತದೆ, ಮುಂದಿನ ವರ್ಷ ನಾನೂರ ಎರಡರದು, ಯಾರು ಕೊಂಡರೂ ಅವರೇ ಹೊರಬೇಕು ಎಂದಿತ್ತು. ಸೆಗಾವಾ ಕತ್ತು ತುರಿಸಿಕೊಂಡ. ಇದನ್ನು ತಿಳಿದೇ ಇಬ್ಬರು ಹಿಂದೆ ಸರಿದಿದ್ದರಂತೆ.

ತೋಕುಜಿಗೆ ನಗು ತಡೆಯಲಿಲ್ಲ. "ನಮ್ಮೂರ ಸಭೇಲಿ ಚಹಾ ಬಗ್ಗಿಸೋದು ಬಿಟ್ಟು ನೀನು ಬೇರೇನು ಮಾಡಿದ್ದೀಯಕ್ಕ?"

ನಿಜ. ಊರ ಸಭೆಯಲ್ಲಿ ಮನೆಯ ಯಜಮಾನರು ಕೂರುತ್ತಿದ್ದರು, ಅವಳು ಮೂವತ್ತು ವರ್ಷ ಕೆಟಲ್ ಹಿಡಿದು ಅಂಚಿನಲ್ಲಿ ಮೊಣಕಾಲೂರಿದ್ದಳು.

"ಕೆಟಲ್ ಹಿಡಿದೋಳಿಗೆ ಕಿವಿ ಇರ್ಲಿಲ್ವೇನೋ? ಯಾರು ಎಷ್ಟು ಸಲ ಸುಳ್ಳು ಹೇಳಿದ್ರು ಅಂತ ನಿಂಗಿಂತ ನಂಗೆ ಚೆನ್ನಾಗಿ ಗೊತ್ತು. ನಿಂದೂ ಸೇರಿ."

ಕೈಚೀಲದಿಂದ, ಸಹಿಯ ಬದಲು ಒತ್ತುವ ಮುದ್ರೆ ತೆಗೆದಳು. ಮನೆತನದ ಹೆಸರಿನದಲ್ಲ, ಹೋದ ತಿಂಗಳಷ್ಟೇ ತನ್ನ ಹೆಸರೊಂದನ್ನೇ ಕೆತ್ತಿಸಿದ್ದು. ಕಾಗದಪತ್ರ ಯಾವತ್ತು ಸಿದ್ಧವಾಗುತ್ತದೆ ಎಂದು ಸೆಗಾವಾನನ್ನು ಕೇಳಿದಳು. ತೋಕುಜಿ ಒಬ್ಬನೇ ಊರಿನ ಬಸ್ಸು ಹಿಡಿದ.

ಮರುವರ್ಷ ಮೇ ತಿಂಗಳ ಒಂದು ಭಾನುವಾರ, ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕದ ಕೋಣೆಯಲ್ಲಿ ಸಂಘದ ಸಭೆ ಸೇರಿತು. ಹನ್ನೊಂದು ಜನ, ಹೆಚ್ಚಿನವರು ಗಂಡಸರು. ಯಾಸುಯೊ ಮೇಜಿನ ತುದಿಯಲ್ಲಿ, ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಇನ್ನೂರ ಐದರ ಹಿರಿಯರೊಬ್ಬರು ಮಾತಾಡುತ್ತಲೇ, ಅವಳ ಮುಖವನ್ನೂ ನೋಡದೆ, ಖಾಲಿ ಲೋಟವನ್ನು ಅವಳತ್ತ ಸರಿಸಿದರು. ಅವಳ ಕೈ ಹಳೆಯ ರೂಢಿಯಲ್ಲಿ ಒಂದು ಗೇಣು ಮುಂದೆ ಹೋಯಿತು. ಅಲ್ಲೇ ನಿಂತಿತು. ಅದೇ ಕೈಯಲ್ಲಿ ದಾಖಲೆಯ ಪುಸ್ತಕ ಎಳೆದುಕೊಂಡಳು.

"ಚಹಾದ ಫ್ಲಾಸ್ಕ್ ಬಾಗಿಲ ಹತ್ರ ಇದೆ," ಅಂದಳು. "ಹೆಂಗೂ ಏಳ್ತೀರಲ್ಲ, ನಂಗೂ ಒಂದು ಲೋಟ ತನ್ನಿ. ಮೊದಲನೇ ವಿಷಯ, ಮೂರನೇ ಮಹಡಿಯ ಕಂಬಿ. ನನ್ನ ತಮ್ಮ ಒರಗಿದಾಗಲೇ ಅಲ್ಲಾಡ್ತಾ ಇತ್ತು."