ಇಳಿತದಲ್ಲಿ ಬಿಟ್ಟ ತೆಂಗಿನಕಾಯಿಗಳು

ನಮ್ಮೂರು ತಾಫುಮಾಯಿಗೆ ಈಗ ಬಿಳಿಯ ಪ್ರವಾಸಿಗರು ಬರುವುದಿಲ್ಲ. ಮೊದಲು ಸಮೋವಾ ದ್ವೀಪದ ಈ ದಂಡೆಯಲ್ಲಿ ಜೂನ್ ಬಂತೆಂದರೆ ಕಡಲಂಚಿನ ಒಂದು ಬಾಡಿಗೆ ಗುಡಿಸಲೂ ಖಾಲಿ ಇರುತ್ತಿರಲಿಲ್ಲ. ಈಗ ಚಾಪೆ ಸುತ್ತಿ ಮೂಲೆಗಿಟ್ಟಿದ್ದೇವೆ. ಯಾಕೆ ಹೀಗಾಯಿತು ಎಂದರೆ ಒಬ್ಬರು ವಿಮಾನದ ದರ ಎನ್ನುತ್ತಿದ್ದರು, ಇನ್ನೊಬ್ಬರು ಆಚೆ ದ್ವೀಪದ ಹೊಸ ಹೋಟೆಲು ಎನ್ನುತ್ತಿದ್ದರು. ನಮ್ಮ ಕಡೆಗೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ.

ಮಾತಲೇನಾ ಅಕ್ಕನದು ಐದು ಗುಡಿಸಲು. ತೀರಿಹೋದ ಗಂಡ ಕೈಯಾರೆ ಕಟ್ಟಿದ್ದು. ಜರ್ಮನಿಯ ಹಿಲ್ಡಾ ಎಂಬಾಕೆ ಹತ್ತೊಂಬತ್ತು ವರ್ಷ ತಪ್ಪದೆ ಬಂದು ಮೂರನೆಯ ಗುಡಿಸಲಲ್ಲೇ ಇಳಿದುಕೊಳ್ಳುತ್ತಿದ್ದಳು. ಕೊನೆಯ ಸಲ ಮೊಮ್ಮಗಳನ್ನೂ ಕರೆತಂದಳು. ಆಮೇಲೆ ಬಂದದ್ದು ಬರೀ ಒಂದು ಕಾಗದ. ಊರಿಗೆ ಮರಳಿದ ಮೇಲೆ ಮಗು ಹೊಟ್ಟೆಯ ಕಾಯಿಲೆಯಿಂದ ಒಂದು ತಿಂಗಳು ಆಸ್ಪತ್ರೆಯಲ್ಲಿತ್ತು, ಕಡಲ ನೀರಿನಿಂದ ಬಂದಿರಬೇಕೆಂದು ವೈದ್ಯರು ಹೇಳಿದರು, ಇನ್ನು ಬರಲಾರೆವು ಎಂದು ಅದರಲ್ಲಿತ್ತು.

ಅಕ್ಕ ನಂಬಲಿಲ್ಲ. ಅವರದೆಲ್ಲ ನಾಜೂಕು ಹೊಟ್ಟೆ ಎಂದು ತಳ್ಳಿಹಾಕಿದಳು. ಆದರೆ ಗುಡಿಸಲು ಖಾಲಿ ಬಿದ್ದದ್ದನ್ನು ನೋಡಲಾಗದೆ, ಬರುವ ಶನಿವಾರ ಎಲ್ಲ ಕಿತ್ತು ಮರಮುಟ್ಟು ಮಾರುವುದಾಗಿ ವ್ಯಾಪಾರಿಗೆ ಮಾತು ಕೊಟ್ಟಳು.

ಅದೇ ವಾರ ನರ್ಸ್ ಸಿನಿವಾ ಬಂದಳು. ಅಕ್ಕನ ತಮ್ಮನ ಮಗಳು. ನಮ್ಮ ಮಹಿಳಾ ಸಮಿತಿ ತಿಂಗಳಿಗೊಮ್ಮೆ ಮನೆಮನೆ ಹೊಕ್ಕು ಚಾಪೆ, ಅಡುಗೆಮನೆ, ಪಾಯಿಖಾನೆ ನೋಡುತ್ತದೆ. ನಾನೇ ಅಧ್ಯಕ್ಷೆ, ಶುಚಿತ್ವದಲ್ಲಿ ಅಕ್ಕನ ಮನೆಗೆ ಯಾವಾಗಲೂ ಮೊದಲ ಸ್ಥಾನ. ಆ ದಿನ ನಮ್ಮ ಜೊತೆ ನಡೆದ ಸಿನಿವಾ, ಹಂದಿದೊಡ್ಡಿಯನ್ನು ಯಾಕೆ ನೋಡುವುದಿಲ್ಲ ಎಂದು ಕೇಳಿದಳು. ನಮ್ಮೂರಿನ ದೊಡ್ಡಿಗಳೆಲ್ಲ ನೀರಂಚಿನ ಕಲ್ಲುಗಳ ನಡುವೆ ಇದ್ದವು. ಉಬ್ಬರ ಬಂದು ತೊಳೆದುಕೊಂಡು ಹೋಗುತ್ತದೆ, ಪೊರಕೆ ಹಿಡಿಯುವ ಕೆಲಸವಿಲ್ಲ. ಅಂಗಳ ಮುಗಿದಲ್ಲಿಗೆ ನಮ್ಮ ತಪಾಸಣೆಯೂ ಮುಗಿಯುತ್ತಿತ್ತು. ನಾನು ತಲೆ ತಗ್ಗಿಸಿದೆ.

ಅಕ್ಕ ತಗ್ಗಿಸಲಿಲ್ಲ. “ಸಮುದ್ರ ಅಷ್ಟು ದೊಡ್ಡದಿದೆ ಕಣೇ, ನನ್ನ ಒಂಬತ್ತು ಹಂದಿ ಅದನ್ನ ಕೆಡಿಸ್ತಾವಾ? ನರ್ಸ್ ಕೆಲಸ ಸಿಕ್ಕಿದ್ದೇ ತಡ, ಅತ್ತೆಗೇ ಪಾಠ ಹೇಳೋಕೆ ಬಂದ್ಬಿಟ್ಟೆ.”

“ಪಾಠ ಏನೂ ಹೇಳಲ್ಲ ಅತ್ತೆ. ಒಣಗಿದ ತೆಂಗಿನಕಾಯಿ ಇಪ್ಪತ್ತು ಕೊಡಿ, ಸಾಕು.”

ಪ್ರತಿ ಕಾಯಿಗೂ ಕೆಂಪು ಬಟ್ಟೆ ಕಟ್ಟಿದೆವು. ಬೆಳಿಗ್ಗೆ ಇಳಿತ ಶುರುವಾದಾಗ ಅಕ್ಕನ ದೊಡ್ಡಿಯ ಬಾಯಲ್ಲೇ ನೀರಿಗೆ ಬಿಟ್ಟೆವು. ಅವು ತೇಲುತ್ತಾ ದೂರ ಹೋದವು. ಹೋದವಲ್ಲ, ಇನ್ನೇನು ಎಂದು ಅಕ್ಕ ಎದ್ದು ಒಳಗೆ ನಡೆದಳು.

ಮಧ್ಯಾಹ್ನದ ಮೇಲೆ ಉಬ್ಬರ ಏರಿತು. ಆಚೆಯ ಹವಳದ ದಿಬ್ಬ ಕಾಯಿಗಳನ್ನು ದಾಟಗೊಟ್ಟಿರಲಿಲ್ಲ. ಒಂದೊಂದಾಗಿ ತಿರುಗಿ ಬಂದವು, ಅದೂ ಮೂರನೆಯ ಗುಡಿಸಲಿನ ಮುಂದೆ, ಅತಿಥಿಗಳು ಮೀಯುವ ಜಾಗಕ್ಕೆ. ಹದಿಮೂರು ಬಂದವು. ಅಕ್ಕ ಮೊಣಕಾಲುದ್ದ ನೀರಿಗಿಳಿದು ಒಂದನ್ನು ಎತ್ತಿಕೊಂಡಳು.

“ಆ ಮಗು ನೀರು ಕಂಡ್ರೆ ಹೆದರ್ತಿತ್ತು,” ಎಂದಳು. “ಬಾ, ಏನೂ ಆಗಲ್ಲ ಅಂತ ಕೈ ಹಿಡಿದು ಇಳಿಸಿದವಳು ನಾನೇ.”

ಅತಿಥಿಗೆ ಕೇಡಾದರೆ ಮನೆಯ ಮಾನ ಹೋಯಿತು ಎಂದು ನಂಬಿ ಬೆಳೆದವರು ನಾವು. ಆ ಮನೆಗೆ ಮೊದಲ ಸ್ಥಾನ ಕೊಟ್ಟ ನನಗೂ ಅಲ್ಲಿ ಮುಖವಿರಲಿಲ್ಲ.

ಶನಿವಾರ ಗುಡಿಸಲು ಕೀಳಲು ಬಂದವರ ಕೈಯಲ್ಲಿ ಅಕ್ಕ ಹಂದಿದೊಡ್ಡಿ ಕೀಳಿಸಿದಳು. ಮೇಲಿನ ದೀವಿಹಲಸಿನ ತೋಪಿನಲ್ಲಿ, ತೊರೆಗೂ ಬಾವಿಗೂ ದೂರದಲ್ಲಿ ಹೊಸ ದೊಡ್ಡಿ ಎದ್ದಿತು. ಹಂದಿಗಳ ಗಲೀಜು ಈಗ ಗುಂಡಿಯಲ್ಲಿ ಕೊಳೆತು ಕೆಸುವಿನ ಗದ್ದೆಗೆ ಗೊಬ್ಬರವಾಗುತ್ತದೆ. ಆರು ಮನೆಯವರು ಹಾಗೆಯೇ ಮಾಡಿದ್ದಾರೆ, ಇನ್ನೂ ನಾಲ್ಕು ಮನೆ ಬಾಕಿ. ಸಮಿತಿಯ ಹೆಂಗಸರು ನಾವು ಈಗ ಕಾಲು ನೀರಿಗೆ ತಾಗುವವರೆಗೂ ನಡೆದು ನೋಡುತ್ತೇವೆ.

ಬಿಳಿಯರು ಇನ್ನೂ ಬಂದಿಲ್ಲ. ಅಕ್ಕ ಹಿಲ್ಡಾಗೆ ಕಾಗದ ಬರೆದಳು. ಬನ್ನಿ ಎಂದು ಕರೆಯಲಿಲ್ಲ, ಮಗು ಹೇಗಿದೆ ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯುತ್ತಿದ್ದಾಳೆ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕೊಳೆ ಹೊಳೆಗೆ ಹೋಗುತ್ತದೋ, ಕೆರೆಗೋ, ಕಡಲಿಗೋ, ಇವತ್ತೇ ಅದರ ಹಿಂದೆ ನಡೆದು ನೋಡಿ. ಅದು ನಿಲ್ಲುವಲ್ಲಿ ಯಾರದಾದರೂ ಮಗು ಮೀಯುತ್ತಿರುತ್ತದೆ. ಬಾ ಎಂದು ಆ ಮಗುವಿನ ಕೈ ಹಿಡಿಯುವ ಮೊದಲು ನಿಮ್ಮ ದೊಡ್ಡಿಯನ್ನು ನೀರಿನಿಂದ ಎತ್ತಿ ಮೇಲೆ ಕಟ್ಟಿ.