ಐದನೆಯ ಬಿನ್ನಹ

"ಐದನೇದು ಬೇಡ ಅಂತಿದಾರೆ ಟೀಚರ್," ಎಂದರು ಫಾದರ್ ಐವನ್. ಕೈಯಲ್ಲಿದ್ದ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟರು. ಟೀಚರ ಮನೆಯೊಳಗೆ ಫ್ಯಾನೂ ತಿರುಗುತ್ತಿರಲಿಲ್ಲ, ಗಾಳಿಯೂ ಇರಲಿಲ್ಲ. ಏನಾದರೂ ಮಾಡುತ್ತಿರಬೇಕಲ್ಲ, ಮಾಡಿದರು.

ಸೆವೆರಿನ್ ಟೀಚರ್ ಹಾಳೆಯತ್ತ ನೋಡಲಿಲ್ಲ. ಅದರಲ್ಲಿರುವುದೆಲ್ಲ ಅವರಿಗೆ ಬಾಯಿಪಾಠ. ಆಲ್ದೂರಿನಿಂದ ಒಳಗೆ, ಕಾಫಿ ತೋಟಗಳ ನಡುವಿನ ಆ ಪುಟ್ಟ ಚರ್ಚಿನಲ್ಲಿ ಪೂಜೆಯ ಮಧ್ಯೆ ಓದುವ ಬಿನ್ನಹಗಳನ್ನು ಇಪ್ಪತ್ತೆಂಟು ವರ್ಷಗಳಿಂದ ಬರೆಯುತ್ತ ಬಂದವರು ಅವರೇ. ಒಬ್ಬರು ಒಂದೊಂದನ್ನೇ ಓದಬೇಕು, ಪ್ರತಿಯೊಂದರ ಕೊನೆಗೆ ಜನರೆಲ್ಲ "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದು ಉತ್ತರಿಸಬೇಕು. ಮೊದಲನೆಯದು ಧರ್ಮಸಭೆಗೆ, ಎರಡನೆಯದು ದೇಶ ಆಳುವವರಿಗೆ, ಮೂರನೆಯದು ರೋಗಿಗಳಿಗೆ, ನಾಲ್ಕನೆಯದು ಸತ್ತವರಿಗೆ. ಐದನೆಯದು ನಮಗೆ ಕೇಡು ಮಾಡಿದವರಿಗೆ. ಇದನ್ನು ಸೇರಿಸಿದ್ದು ಟೀಚರೇ. ಯೇಸು ಶಿಲುಬೆಯ ಮೇಲಿಂದ ತನ್ನನ್ನು ಕೊಲ್ಲುವವರಿಗೆ ಕೇಳಿದ ಕ್ಷಮೆಯನ್ನು ನಾವು ಬೆಂಚಿನ ಮೇಲೆ ಕೂತು ಕೇಳಲಾರೆವೇ ಎಂದು ಹಿಂದಿನ ಫಾದರ್ ಜೊತೆ ವಾದ ಮಾಡಿ ಗೆದ್ದಿದ್ದರು. ಆಗ ಕೇಡು ಮಾಡಿದವರೆಂದರೆ ಬೇಲಿ ಸರಿಸಿದವರು, ಮೆಣಸು ಕದ್ದವರು, ಹೆಚ್ಚೆಂದರೆ ಮದುವೆ ಮುರಿಸಿದವರು. ಅಂಥವರಿಗಾಗಿ ಪ್ರಾರ್ಥಿಸುವುದು ಯಾರಿಗೂ ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ.

ಆರು ದಿನದ ಹಿಂದೆ ಉತ್ತರದ ದೊಡ್ಡ ಊರೊಂದರ ರೈಲ್ವೆ ಸ್ಟೇಷನ್ನಿನಲ್ಲಿ ಉಗ್ರರು ಇಟ್ಟ ಬಾಂಬು ಸಿಡಿದು ಹತ್ತೊಂಬತ್ತು ಜನ ಸತ್ತಿದ್ದರು. ಅವರಲ್ಲೊಬ್ಬ, ಅಲ್ಲಿ ಸಿಗ್ನಲ್ ವಿಭಾಗದಲ್ಲಿದ್ದ ರೋಯ್‌ಸ್ಟನ್, ಟೀಚರ ಒಬ್ಬನೇ ಮಗ. ಇಪ್ಪತ್ತೇಳು ವರ್ಷ. ಮೂರನೆಯ ದಿನ ಶವದ ಪೆಟ್ಟಿಗೆ ಬಂತು. ತೆರೆಯಬೇಡಿ ಎಂದು ಜೊತೆಗೆ ಬಂದಿದ್ದ ಅಧಿಕಾರಿ ಕೈಮುಗಿದು ಕೇಳಿಕೊಂಡ. ಹೆತ್ತ ತಾಯಿಯಾದ ಟೀಚರ್ ಮಗನ ಮುಖ ನೋಡದೆ ಮಣ್ಣು ಹಾಕಿ ಬಂದರು. ನಾಳೆ ಅವನ ಏಳನೇ ದಿನದ ಪೂಜೆ.

"ಬೇಡ ಅಂದೋರು ಯಾರು?"

"ವಲೇರಿಯನ್ ಸಾವ್ಕಾರ್ರು. ಚರ್ಚಿನ ಪರಿಷತ್ತಿನಲ್ಲಿ ಎಲ್ರೂ ಹೂಂ ಅಂದ್ರು. ನಾಳೆ ಊರಿನ ಮುಖಂಡ್ರು ಬರ್ತಾರೆ, ಪೊಲೀಸ್ನೋರು, ಟೀವಿಯೋರು ಬರ್ತಾರೆ. ಬಾಂಬಿಟ್ಟೋರಿಗೆ ಚರ್ಚಲ್ಲಿ ಪ್ರಾರ್ಥನೆ ಮಾಡಿದ್ರು ಅಂತ ಒಂದು ವೀಡಿಯೋ ಹೋದ್ರೆ ಮುಗೀತು ಅಂತಾರೆ. ಹೋದ ವರ್ಷ ಚರ್ಚಿನ ಅಂಗಳದ ಮಾತೆ ಗವಿಯ ಗಾಜು ಕಲ್ಲೆಸೆದು ಒಡೆದದ್ದು ಯಾರೂ ಮರ್ತಿಲ್ಲ."

"ನೀವೇನಂತೀರಿ?"

ಫಾದರ್ ಉಪ್ಪಿನ ಡಬ್ಬಿಯನ್ನು ಸ್ವಲ್ಪ ಸರಿಸಿದರು. "ನಂಗೂ ಭಯ ಟೀಚರ್. ತೆಗೆಯೋಕೂ ಮನಸ್ಸಿಲ್ಲ. ನೀವು ತೆಗೀರಿ ಅಂದ್ರೆ ತೆಗೀತೀನಿ."

ಫಾದರಿಗೆ ಮೂವತ್ತೊಂದು ವರ್ಷ. ತನ್ನ ತಲೆಯ ಭಾರವನ್ನು ಮಗ ಸತ್ತ ಹೆಂಗಸಿನ ತಲೆಗೆ ದಾಟಿಸುತ್ತಿದ್ದೇನೆಂದು ಅವರಿಗೂ ಗೊತ್ತಿತ್ತು, ಅವರ ಕಿವಿ ಕೆಂಪಾಗಿತ್ತು. ಟೀಚರಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಬೇರೆ ಕಡೆ ಖರ್ಚಾಗಿತ್ತು. ನಿನ್ನೆ ಆಲ್ದೂರಿನ ಮೆಕ್ಯಾನಿಕ್ ಇದ್ರೀಸ್ ಗ್ಯಾರೇಜಿಗೆ ಬೀಗ ಹಾಕಿ ಬಂದು ಗೇಟಿನ ಹೊರಗೇ ನಿಂತಿದ್ದ. ಒಂದನೇ ಕ್ಲಾಸಿನಲ್ಲಿ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಇವರೇ. ಅವನ ಹೆಸರೊಂದೇ ಅಡ್ಡ ಬಂತು, ಒಳಗೆ ಬಾ ಎನ್ನಲು ನಾಲಿಗೆ ಏಳಲಿಲ್ಲ. ಅವನು ಸುಮಾರು ಹೊತ್ತು ನಿಂತು, ಅಲ್ಲಿಂದಲೇ ತಲೆಬಾಗಿ ಹೋದ. ತಾನು ಹೀಗಾದೆನಲ್ಲ ಎಂದು ಟೀಚರ್ ಆಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೇ ಹಾಕಿಕೊಂಡರು. ಮಗ ಹೋದ, ಅವನ ಹಿಂದೆಯೇ ದೇವರೂ ಈ ಮನೆ ಬಿಟ್ಟು ಹೋಗುತ್ತಾನೇನೋ ಎಂದು ಅವರಿಗೆ ನಿಜವಾಗಿ ಭಯವಾಗಿತ್ತು.

"ಓದ್ಸಿ ಫಾದರ್," ಎಂದರು. "ಅದು ನನ್ನ ಮಾತಲ್ಲ, ಯೇಸು ಮಾತು, ತೆಗೆಯೋಕೆ ನಾನ್ಯಾರು? ಆದ್ರೆ ನಾನು ಉತ್ತರ ಕೊಡಲ್ಲ. ನನ್ನಿಂದ ಆಗಲ್ಲ."

ಸಂಜೆಯೊಳಗೆ ಸುದ್ದಿ ಚರ್ಚಿನ ಐದೂ ವಾರ್ಡುಗಳನ್ನು ಸುತ್ತಿತು. ಟೀಚರ್ ಉತ್ತರ ಕೊಡುವುದಿಲ್ಲವಂತೆ. ಟೀಚರ್ ಕೊಡದಿದ್ದರೆ ನಾವೂ ಕೊಡುವುದಿಲ್ಲ ಎಂದು ಯಾರೋ ಒಬ್ಬರು ವಾಟ್ಸಾಪಿನಲ್ಲಿ ಹಾಕಿದರು, ಉಳಿದವರೆಲ್ಲ ಕೈಮುಗಿದ ಚಿತ್ರ ಕಳಿಸಿದರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅಕ್ಷರ ಕಲಿಸಿದವರು ಟೀಚರೇ. ಆ ಪ್ರೀತಿಯಲ್ಲಿ ಕಪಟವಿರಲಿಲ್ಲ. ವಲೇರಿಯನ್ ಸಾವ್ಕಾರ್ರಿಗೂ ಸಮಾಧಾನವಾಯಿತು. ಓದಿದ ಹಾಗೂ ಆಯಿತು, ಯಾರೂ ಪ್ರಾರ್ಥಿಸದ ಹಾಗೂ ಆಯಿತು. ಗಿಡ್ಡಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಅವಳು ಚರ್ಚಿನವಳಲ್ಲ, ತೋಟದ ಕೂಲಿಯವರ ಲೈನ್ ಮನೆಯವಳು. ಅವಳು ಬರುತ್ತಾಳೆಂದೇ ಯಾರಿಗೂ ಹೊಳೆಯಲಿಲ್ಲ.

ಅವಳು ಬಂದಳು. ಕಾಫಿ ಹಣ್ಣಿನ ಕೊಯ್ಲು ಜೋರಾಗಿದ್ದ ಹೊತ್ತು. ಆ ದಿನದ ಕೆಲಸ ಬಿಟ್ಟು, ಟ್ರಂಕಿನಲ್ಲಿಟ್ಟಿದ್ದ ಸೀರೆ ಉಟ್ಟು ಬಂದಳು. ಎಷ್ಟು ತಿಕ್ಕಿದರೂ ಬೆರಳಿನ ಕಪ್ಪು ಹೋಗಿರಲಿಲ್ಲ. ಟೀಚರ್ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ರೋಯ್‌ಸ್ಟನ್‌ನನ್ನು ನಾಲ್ಕು ವರ್ಷ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಪೆಟ್ಟಿಗೆ ಬಂದ ದಿನ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳೂ ಅವಳೇ. ತಾಯಿಗೆ ಅಂದು ಅಳು ಬಂದಿರಲಿಲ್ಲ, ಇವತ್ತಿಗೂ ಬಂದಿರಲಿಲ್ಲ.

ಚರ್ಚು ತುಂಬಿತ್ತು. ಬಾಗಿಲಿಗೆ ರಾಷ್ಟ್ರಧ್ವಜ ಕಟ್ಟಿದ್ದರು, ಬಲಿಪೀಠದ ಕೆಳಗೆ ಹತ್ತೊಂಬತ್ತು ಮೇಣದ ಬತ್ತಿ ಉರಿಯುತ್ತಿದ್ದವು. ಮುಖಂಡರು ಎರಡನೇ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದರು. ಗಿಡ್ಡಮ್ಮ ಕೊನೆಯ ಬೆಂಚಿನಲ್ಲಿ ಕೂತು, ಪಕ್ಕದವರು ಎದ್ದಾಗ ಏಳುತ್ತಿದ್ದಳು, ಕೂತಾಗ ಕೂರುತ್ತಿದ್ದಳು.

ಬಿನ್ನಹ ಓದಲು ಕ್ವಾಯರಿನಲ್ಲಿ ಹಾಡುವ ಹುಡುಗಿ ಶಿಲ್ಪಾ ಮೈಕಿನ ಮುಂದೆ ನಿಂತಳು. ಮೊದಲನೆಯದಕ್ಕೆ ಎಲ್ಲರೂ ಉತ್ತರಿಸಿದರು. ಎರಡನೆಯದರ ಹೊತ್ತಿಗೆ ಗಿಡ್ಡಮ್ಮನೂ ಮಾತು ಹಿಡಿದುಕೊಂಡಳು. ಜನ ಹೇಳಿ ಮುಗಿಸಿದ ಮೇಲೆ ಅವಳ "ಆಲಿಸು" ಒಂದೇ ಹಿಂದಿನಿಂದ ಬರುತ್ತಿತ್ತು. ನಾಲ್ಕನೆಯದರಲ್ಲಿ ಮಗನ ಹೆಸರು ಬಂದಾಗ ಟೀಚರ್ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಶಿಲ್ಪಾ ಹಾಳೆಯಿಂದ ತಲೆಯೆತ್ತಿ ಫಾದರನ್ನು ನೋಡಿದಳು. ಅವರು ಓದು ಎಂಬಂತೆ ಕತ್ತು ಆಡಿಸಿದರು.

"ನಮಗೆ ಕೇಡು ಮಾಡಿದವರಿಗಾಗಿ, ನಮ್ಮವರನ್ನು ಕೊಂದವರಿಗಾಗಿ, ಅವರ ಮನಸ್ಸು ತಿರುಗಲೆಂದು ಪ್ರಾರ್ಥಿಸೋಣ."

ಯಾರೂ ತುಟಿ ಬಿಚ್ಚಲಿಲ್ಲ. ಮುನ್ನೂರು ಜನ ತನಗಾಗಿ ಬಾಯಿ ಮುಚ್ಚಿಕೊಂಡಿದ್ದಾರೆಂದು ಟೀಚರಿಗೆ ಆ ಕ್ಷಣ ಗೊತ್ತಾಯಿತು. ಏಳು ದಿನದಲ್ಲಿ ಮೊದಲ ಸಲ ಯಾರೋ ತನ್ನನ್ನು ಹಿಡಿದುಕೊಂಡಿದ್ದಾರೆ ಅನ್ನಿಸಿತು. ಆ ಮೌನ ಹಾಗೇ ಇರಲಿ, ಮುಗಿಯದಿರಲಿ ಎಂದು ಅವರಿಗೆ ಆಸೆಯಾಯಿತು.

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು."

ಗಿಡ್ಡಮ್ಮನ ದನಿ. ಈ ಸಲ ಹಿಂದೆ ಬೀಳಲು ಮುಂದೆ ಯಾರೂ ಇರಲಿಲ್ಲ. ಕಣಿವೆಯಾಚೆಗಿನ ಆಳನ್ನು ಕೂಗಿ ಕರೆದು ರೂಢಿಯಾದ ಗಂಟಲು; ಇಡೀ ಚರ್ಚಿಗೆ ಕೇಳಿಸಿತು.

ತಲೆಗಳು ಹಿಂದಕ್ಕೆ ತಿರುಗಿದವು. ವಲೇರಿಯನ್ ಸಾವ್ಕಾರ್ರು ದುರುಗುಟ್ಟಿ ನೋಡಿದರು. ಏನೋ ಅನಾಹುತ ಮಾಡಿದೆನೆಂದು ಗಿಡ್ಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕುಗ್ಗಿದಳು. ಟೀಚರಿಗೆ ಮೊದಲು ಬಂದದ್ದು ಸಿಟ್ಟು. ಕಾಲಿನಿಂದ ತಲೆಯವರೆಗೆ ಸುಡುವಂಥ ಸಿಟ್ಟು. ಅವರು ಎದ್ದು ನಿಂತರು. ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದರು. ಏನು ಹೇಳಬೇಕೆಂದು ಹೊರಟಿದ್ದರೋ, ಕೊನೆಯ ಬೆಂಚು ಮುಟ್ಟುವಷ್ಟರಲ್ಲಿ ಅದು ಅವರಲ್ಲಿ ಉಳಿದಿರಲಿಲ್ಲ.

"ತಪ್ಪಾಯ್ತೇನ್ರಮ್ಮ?" ಗಿಡ್ಡಮ್ಮ ಪಿಸುಗುಟ್ಟಿದಳು. "ಎಲ್ರೂ ಹೇಳ್ತಾರೆ ಅಂದ್ಕೊಂಡೆ."

"ಯಾರಿಗೋಸ್ಕರ ಕೇಳಿದ್ರು ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು. ಕೊಂದೋರಿಗೆ ಅಂದ್ರು." ಅವಳ ಕಣ್ಣು ತುಂಬಿತ್ತು. "ನಮ್ ಮಗು ಹೆಸ್ರಿನ ಪೂಜೆ ಅಲ್ವಾ ಅಮ್ಮ. ಒಂದಕ್ಕೆ ಹೇಳಿ ಒಂದಕ್ಕೆ ಬಿಟ್ರೆ ಅವ್ನಿಗೆ ಏನಾದ್ರೂ ಕಮ್ಮಿ ಆದ್ರೆ ಅಂತ... ನೀವ್ಯಾಕೆ ಹೇಳ್ಲಿಲ್ಲ?"

ಅಲ್ಲಿ ಪೀಠದ ಮುಂದೆ ಫಾದರ್ ಕಾಯುತ್ತಿದ್ದರು, ಮುನ್ನೂರು ಜನ ಕಾಯುತ್ತಿದ್ದರು.

"ನಂಗೆ ಆಗ್ಲಿಲ್ಲ ಗಿಡ್ಡಮ್ಮ."

ಗಿಡ್ಡಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ಅವರ ಕೈ ಹಿಡಿದು ಮೆಲ್ಲಗೆ ಎಳೆದಳು.

"ಆಗ್ದಿದ್ರೆ ಬಿಡಿ," ಎಂದಳು. "ನಾನು ಹೇಳಿದೀನಲ್ಲ."

ಅವಳು ಗೋಡೆಯ ಕಡೆ ಸರಿದು ಜಾಗ ಮಾಡಿದಳು. ಟೀಚರ್ ಕೂತರು. ಅವರು ಕೊನೆಗೂ ಅಳತೊಡಗಿದ್ದನ್ನು ನೋಡಿ ಫಾದರ್ ಕ್ವಾಯರಿಗೆ ಹಾಡಿ ಎಂದು ಕೈ ಮಾಡಿದರು. ಹಾಡು ಶುರುವಾದ ಮೇಲೂ ತುಂಬ ಹೊತ್ತು ಗಿಡ್ಡಮ್ಮ ಆ ಕೈಯನ್ನು ಬಿಡದೆ, ಸಾಲಿನವರೆಲ್ಲ ಎದ್ದು ನಿಂತರೂ ಏಳದೆ, ಅವರ ಪಕ್ಕದಲ್ಲೇ ಕೂತಿದ್ದಳು.