ಬಂಗಲೆ ಜಯಲತಾಳ ಹೆಸರಿನಲ್ಲಿತ್ತು

ಲೋನಾವಳದಲ್ಲಿ ರೈಲಿನಿಂದ ಇಳಿದವನೇ ಸರ್ವೋತ್ತಮ ಮೊದಲು ಬೈದದ್ದು ಆಟೋದವನನ್ನು, ಆಮೇಲೆ ಆಟೋ ಸಿಕ್ಕಿಬಿದ್ದ ರಸ್ತೆಯನ್ನು, ಕೊನೆಗೆ ಇಡೀ ಊರನ್ನು. ಬೆಳಿಗ್ಗೆ ಡೊಂಬಿವಲಿಯಿಂದ ಹೊರಟಾಗ ಅವನು ಒಳ್ಳೆಯ ಮನಸ್ಸಿನಲ್ಲೇ ಇದ್ದ. ಕಲ್ಯಾಣದಲ್ಲಿ ಗಾಡಿ ಬದಲಿಸಿ, ಕಿಟಕಿಯ ಸೀಟು ಹಿಡಿದು ಹೆಂಡತಿಗೆ ಕೊಟ್ಟಿದ್ದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅದು ಮೊದಲ ಸಲವಾದ್ದರಿಂದ ಜಯಲತಾಳಿಗೆ ಆಗಲೇ ಸಂಶಯ ಬಂದಿತ್ತು.

ಸಂಶಯ ಸುಳ್ಳಲ್ಲ. ಠಾಣೆ ಪಟ್ಟಣದಲ್ಲಿ ತನ್ನ ಹೋಟೆಲು ಕುದುರಿದ ಕಾಲಕ್ಕೆ ಸರ್ವೋತ್ತಮ ಈ ಗುಡ್ಡದೂರಿನಲ್ಲಿ ರಜೆಗೆಂದು ಒಂದು ಸಣ್ಣ ಬಂಗಲೆ ಕಟ್ಟಿಸಿದ್ದ. ದಂಧೆ ಮುಳುಗಿದರೂ ಮನೆ ಉಳಿಯಲಿ ಎಂಬ ಹೋಟೆಲಿನವರ ಲೆಕ್ಕಾಚಾರದಂತೆ ಅದನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿದ್ದ. ದಂಧೆ ಮುಳುಗಲಿಲ್ಲ, ಹೆಸರು ಮಾತ್ರ ಹಾಗೇ ಉಳಿಯಿತು. ಈಗ, 2014ರ ಮಳೆಗಾಲದಲ್ಲಿ, ಸುತ್ತಲಿನ ಜಾಗವನ್ನೆಲ್ಲ ನುಂಗಿದ ಬಿಲ್ಡರನೊಬ್ಬ ಅದನ್ನೂ ಕೇಳುತ್ತಿದ್ದ. ಜಯಲತಾ ಮಾರುತ್ತೇನೆ ಎಂದಿದ್ದಳು. ನಾಡಿದ್ದು ಸಹಿ. ಅವಳ ಮನಸ್ಸು ತಿರುಗಿಸಲು ಸರ್ವೋತ್ತಮನಿಗೆ ಹೊಳೆದ ಉಪಾಯ ಒಂದೇ, ಊರನ್ನು ಇನ್ನೊಮ್ಮೆ ತೋರಿಸುವುದು. ಮೊಣಕಾಲು ನೋವಿನಿಂದ ಆರು ವರ್ಷ ತಾನೇ ಇತ್ತ ತಲೆ ಹಾಕಿಲ್ಲ ಎಂಬುದನ್ನು ಅವನು ಮರೆತಿದ್ದ.

ಊರು ಅವನ ಪಕ್ಷಕ್ಕೆ ನಿಲ್ಲಲಿಲ್ಲ. ಮರಗಳಿದ್ದ ಏರುದಾರಿಯಲ್ಲಿ ಕಾರುಗಳು ಬಾಲಕ್ಕೆ ಮೂತಿ ಹಚ್ಚಿ ನಿಂತಿದ್ದವು. ಝರಿ ಹರಿಯುತ್ತಿದ್ದಲ್ಲಿ ವಾಟರ್ ಪಾರ್ಕಿನ ಗೋಡೆ. ಅವರ ಬಂಗಲೆಯ ಮೂರೂ ಕಡೆ ಏಳು ಮಹಡಿಯ ಕಟ್ಟಡಗಳೆದ್ದು, ಅಂಗಳದಲ್ಲಿ ಹಗಲು ಹನ್ನೊಂದಕ್ಕೇ ಸಂಜೆಯಾಗಿತ್ತು. ಮೇಲಿನ ಬಾಲ್ಕನಿಯಿಂದ ಯಾರೋ ಬಿಸಾಡಿದ ಬಿಯರ್ ಕ್ಯಾನು ಜಗಲಿಯಲ್ಲಿ ಬಿದ್ದಿತ್ತು. ಸರ್ವೋತ್ತಮನಿಗೆ ಮೈಯೆಲ್ಲ ಉರಿಯಿತು. ನಿಮ್ಮಪ್ಪನ ಗುಡ್ಡವೇ ಇದು ಎಂದು ತಲೆಯೆತ್ತಿ ಕೂಗಿದ. ಯಾರೂ ಇಣುಕಲಿಲ್ಲ. ಜಯಲತಾ ಕ್ಯಾನನ್ನು ಕಾಲಿನಿಂದ ಬದಿಗೆ ತಳ್ಳಿ, ಒಳಗೆ ಹೋಗಿ ಅಡುಗೆಮನೆಯ ಬಾಗಿಲನ್ನು ಮಾತ್ರ ತೆರೆದು ನೋಡಿ, ಮತ್ತೆ ಹಾಕಿದಳು.

ಉಳಿದದ್ದು ಒಂದೇ ಅಸ್ತ್ರ, ಕಣಿವೆ ಕಾಣುವ ಗುಡ್ಡದಂಚಿನ ಪಾಯಿಂಟು. ಅಲ್ಲಿನ ಬಂಡೆಯ ಮೇಲೆ ಕೂತು ಸರ್ವೋತ್ತಮನೂ ಅವನ ಬಳಗದ ಹತ್ತಿಪ್ಪತ್ತು ಹೋಟೆಲು ಮಾಲೀಕರೂ ಪ್ರತಿ ಮಳೆಗಾಲ ಮೋಡ ಇಳಿಯುವುದನ್ನು ನೋಡುತ್ತಿದ್ದರು. ಈಗ ಆ ದಾರಿಗೆ ಅಡ್ಡಗೋಲು ಬಿದ್ದು, ಟಿಕೆಟ್ಟಿನ ಬೋರ್ಡು ಬಂದಿತ್ತು. ಅದನ್ನು ನೋಡಿ ಸರ್ವೋತ್ತಮ ಕನ್ನಡದಲ್ಲೇ ಬೈದದ್ದು ಕಾವಲಿನವನಿಗೆ ತಿಳಿದು, ಅವನು ನಕ್ಕ. ಕಲಬುರಗಿಯ ಮಾಪಣ್ಣ ಅವನು. ಇದೇ ಕಟ್ಟಡಗಳಿಗೆ ಸಿಮೆಂಟು ಹೊತ್ತು, ಕೆಲಸ ಮುಗಿದ ಮೇಲೆ ಇಲ್ಲೇ ವಾಚ್‌ಮನ್ ಆದವನು. ನಕ್ಕ ತಪ್ಪಿಗೆ ಸರ್ವೋತ್ತಮ ಅವನ ಮೇಲೆ ಹರಿಹಾಯ್ದ. ಊರು ಹಾಳುಮಾಡಿದವರೇ ನೀವು ಎಂದ.

"ಕಟ್ಟಿದವ್ರು ನಾವರೀ, ಕೊಂಡವ್ರು ನಿಮ್ಮಂಥವ್ರೇ," ಎಂದು ಮಾಪಣ್ಣ ಅಡ್ಡಗೋಲು ಎತ್ತಿ ದಾರಿ ಬಿಟ್ಟ.

ಪಾಯಿಂಟಿನಲ್ಲಿ ಬಂಡೆ ಇರಲಿಲ್ಲ. ಅದರ ಜಾಗದಲ್ಲಿ ಗಾಜಿನ ಕಟ್ಟೆ, ಫೋಟೋಕ್ಕೆ ನೂಕಾಡುವ ಜನ, ಕೆಂಡದ ಮೇಲೆ ಮೆಕ್ಕೆಜೋಳದ ತೆನೆ. ಸರ್ವೋತ್ತಮ ಮೊಣಕೈಯಿಂದ ದಾರಿ ಮಾಡಿಕೊಂಡು ಹೆಂಡತಿಯನ್ನು ಮುಂದಕ್ಕೆ ತಂದ. ಅಷ್ಟೆಲ್ಲ ಗಲಾಟೆಯ ಆಚೆ ಕಣಿವೆ ಮಾತ್ರ ಹಾಗೇ ಇತ್ತು. ನಾವೆಲ್ಲ ಇಲ್ಲಿ ಕೂತು ನಿನ್ನ ಕೈಯ ಗೋಳಿಬಜೆ ತಿಂದದ್ದು ನೆನಪುಂಟಲ್ಲ ಎಂದ.

ಜಯಲತಾ ಬಹಳ ಹೊತ್ತು ಕಣಿವೆ ನೋಡಿದಳು.

"ಗೋಳಿಬಜೆ ಇಲ್ಲಿಗೆ ಬಂದದ್ದು ಹೌದು. ನಾನು ಬರ್ಲಿಲ್ಲ. ಇದನ್ನು ನಾನು ನೋಡುದು ಇವತ್ತೇ ಮೊದ್ಲು."

ಅದೆಲ್ಲ ಸಾಧ್ಯವೇ ಇಲ್ಲ ಎಂದ ಸರ್ವೋತ್ತಮ. ಇಪ್ಪತ್ತೆರಡು ಮಳೆಗಾಲ ಬಂದಿದ್ದರು. ಬಂಡೆಯ ಮೇಲೆ ಯಾರು ಎಲ್ಲಿ ಕೂರುತ್ತಿದ್ದರು ಎಂಬುದು ಕೂಡ ಅವನಿಗೆ ನೆನಪಿತ್ತು. ಅವಳು ಕೂತ ಜಾಗ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಬಜೆಯ ಡಬ್ಬಿ ಹೊತ್ತು ತಂದವನು ತಾನೇ.

"ರಜೆ ನಿಮ್ಗೆ. ನನ್ಗೆ ಇಪ್ಪತ್ತು ಜನರ ಅಡುಗೆ," ಎಂದಳು ಜಯಲತಾ. ಅವಳ ದನಿ ಏರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ಎಣ್ಣೆ ಹೊಗೆ ಬಿಟ್ರೆ ಈ ಊರಲ್ಲಿ ನಾನು ಎಂತದೂ ನೋಡ್ಲಿಲ್ಲ. ಆ ಮನೆ ಒಡೆದು ಹಾಕ್ಲಿ."

ಸರ್ವೋತ್ತಮ ಅಭ್ಯಾಸದಂತೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಬೆಳಗಿನಿಂದ ಕಂಡಕಂಡವರನ್ನೆಲ್ಲ ಬೈದವನಿಗೆ ಈಗ ಬೈಯಲು ತನ್ನ ಹೊರತು ಯಾರೂ ಉಳಿದಿರಲಿಲ್ಲ. ಹೊರಡುವ, ಗಾಡಿ ತಪ್ಪುತ್ತದೆ ಎಂದ.

ಅವಳು ಕದಲಲಿಲ್ಲ. ತನಗೊಂದೇ ತೆನೆ ತೆಗೆದುಕೊಂಡು, ನಿಂಬೆ ಖಾರ ಜಾಸ್ತಿ ಉಜ್ಜಿಸಿ, ತನ್ನ ಬ್ಯಾಗನ್ನು ಅವನ ಕೈಗೆ ಕೊಟ್ಟು, ಕಣಿವೆ ನೋಡುತ್ತ ನಿಧಾನವಾಗಿ ತಿನ್ನತೊಡಗಿದಳು.

"ನಾಡಿದ್ದು ನೀವೂ ಬನ್ನಿ," ಎಂದಳು ಆಮೇಲೆ. "ಸಹಿಗೆ ಒಬ್ರು ಸಾಕ್ಷಿ ಬೇಕಂತೆ."